ಸೀದಾ ಅಂದರೆ ಬಲಕ್ಕೆ

ಹುಮನಾಬಾದಿನಲ್ಲಿ ಕಾರು ನಡೆಸುತ್ತಿರುವ ಹೆಂಗಸೊಬ್ಬಳಿಗೆ ನೀವು ದಾರಿ ತೋರಿಸುತ್ತ ‘ಸೀದಾ ಹೋಗ್ರಿ’ ಎಂದಿರಿ ಅನ್ನಿ. ಅವಳು ನೇರ ಹೋಗದೆ ಬಲಕ್ಕೆ ತಿರುಗಿದರೆ, ಆಪಾರ ಹತ್ತಿರ ಕಲಿತವಳು ಎಂದು ತಿಳಿದುಕೊಳ್ಳಿ.

ಆಪಾ ಅಂದರೆ ಅಕ್ಕ. ಅವರ ಮನೆಮಾತು ದಖನಿ ಉರ್ದು. ಆ ಮಾತಿನಲ್ಲಿ ಬಲಗೈ ಎಂದರೆ ‘ಸೀದಾ ಹಾಥ್’, ಎಡಗೈ ಎಂದರೆ ‘ಉಲ್ಟಾ ಹಾಥ್’. ಹೆಂಗಸರಿಗೆ ಕಾರು ಕಲಿಸುವ ಕ್ಲಾಸನ್ನು ಅವರು ಶುರು ಮಾಡಿದ್ದು ತಮ್ಮ ಓಣಿಯ ಹೆಣ್ಣುಮಕ್ಕಳಿಂದ. ಹಾಗಾಗಿ ಅವರ ಕಾರಿನೊಳಗೆ ಸೀದಾ ಎಂದರೆ ಬಲ, ಉಲ್ಟಾ ಎಂದರೆ ಎಡ ಎಂದು ಮೊದಲಿನಿಂದಲೇ ಗಟ್ಟಿಯಾಗಿಬಿಟ್ಟಿತು. ಆಮೇಲೆ ಕನ್ನಡ ಮಾತಾಡುವ ಅಂಗನವಾಡಿ ಟೀಚರುಗಳು, ನರ್ಸುಗಳು, ನನ್ನಂಥ ಕಾಲೇಜಿನವರು ಬರತೊಡಗಿದಾಗ ಆಪಾ ಅದನ್ನು ಬದಲಿಸಲಿಲ್ಲ. ಅನುವಾದ ಮಾತ್ರ ಮಾಡಿಕೊಟ್ಟರು. ಸೀದಾ ಎಂದರೆ ಉಣ್ಣೋ ಕೈ. ಉಲ್ಟಾ ಎಂದರೆ ತೊಳಿಯೋ ಕೈ. ನೇರ ಹೋಗಬೇಕಾದರೆ ‘ಮೂಗಿನ ನೇರಕ್ಕ’.

ನಾನು ಸೇರಿದ ದಿನ ಮೋರಖಂಡಿಯ ಅಂಗನವಾಡಿ ಟೀಚರೊಬ್ಬರು ಸ್ಟೇರಿಂಗ್ ಹಿಡಿದಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ.

“ಸೀದಾ ತಗೋ,” ಎಂದರು ಆಪಾ.

ಕಾರು ನೇರ ಹೋಯಿತು.

“ಅರೆ, ಸೀದಾ ಅಂದೆ!”

“ಸೀದಾನೇ ಹೊಂಟೀನಲ್ರಿ ಆಪಾ.”

“ಇದು ಮೂಗಿನ ನೇರಕ್ಕ ಆತು. ಸೀದಾ ಅಂದ್ರ ಉಣ್ಣೋ ಕೈ. ನೀ ಯಾ ಕೈಲೆ ಉಣ್ತಿ?”

“ಇದರಲೆ ರೀ,” ಎಂದು ಆಕೆ ಸ್ಟೇರಿಂಗ್ ಬಿಟ್ಟು ಬಲಗೈ ಎತ್ತಿ ತೋರಿಸಿದರು.

“ಕೈ ಕೆಳಗ ಇಡ, ತಾಯಿ! ತೋರ್ಸು ಅಂತ ಯಾರು ಅಂದ್ರು!”

ಅಷ್ಟರಲ್ಲಿ ತಿರುವು ಹಿಂದೆ ಉಳಿದು ಕಾರು ತರಕಾರಿ ಬಜಾರಿನ ಬಾಯಿಗೆ ಬಂದು ಬಂದ್ ಬಿದ್ದಿತ್ತು. ಆಪಾ ಮುಂದಿನ ಡಬ್ಬಿ ತೆರೆದು ಒಂದು ಹಿಡಿ ಪುಟಾಣಿ, ಅಂದರೆ ಹುರಿಗಡಲೆ, ತೆಗೆದು ಆಕೆಯ ಕೈಗಿಟ್ಟರು. ಎಂಜಿನ್ ಬಂದ್ ಮಾಡಿದವರಿಗೆ ಪುಟಾಣಿ ಸಿಗುವುದು ಆ ಕಾರಿನ ಪದ್ಧತಿ. ಹಿಂದೆ ಟಂಟಂ, ಬಂಡಿ, ಬೈಕುಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ, ಅದನ್ನು ಅಗಿದು ನುಂಗುವವರೆಗೆ ಕಾರು ಮತ್ತೆ ಶುರು ಮಾಡುವ ಹಾಗಿರಲಿಲ್ಲ. “ಬಾಯಿ ಅಗ್ಯಾಕತ್ತಿದ್ರ ಎದಿ ಹೊಡಕೊಳ್ಳಂಗಿಲ್ಲ,” ಎನ್ನುತ್ತಿದ್ದರು. ನಾನೂ ಆಮೇಲೆ ಸಾಕಷ್ಟು ಪುಟಾಣಿ ತಿಂದಿದ್ದೇನೆ.

ಮೊನ್ನೆ ಅವರ ಮನೆಯ ಮುಂದೆ ಹಾದು ಬಂದೆ. ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದ ‘ಹೆಣ್ಣುಮಕ್ಕಳಿಗಾಗಿ ಕಾರ್ ಕ್ಲಾಸ್’ ಎಂಬುದಕ್ಕೆ ಸುಣ್ಣ ಬಳಿದಿದ್ದಾರೆ. ಒಂದೇ ಸಲ ಬಳಿದಿರಬೇಕು, ಬಿಳಿಯ ಕೆಳಗಿಂದ ಅಕ್ಷರಗಳು ತುಸು ಗುಲಾಬಿಯಾಗಿ ಕಾಣುತ್ತಿವೆ. ಆ ಸುಣ್ಣ ಯಾಕೆ ಬಿತ್ತು ಎಂಬುದು ಊರಿನಲ್ಲಿ ಹಲವು ಬಗೆಯಾಗಿ ಹರಡಿದೆ. ಅಪಘಾತವಾಯಿತಂತೆ, ಗಂಡ ಬಿಡಿಸಿದನಂತೆ, ಅವರಿವರು ದೂರು ಕೊಟ್ಟರಂತೆ. ಇವು ಯಾವುವೂ ನಿಜವಲ್ಲ. ಆ ದಿನ ಕಾರಿನಲ್ಲಿ ಆಪಾರ ಜೊತೆ ಇದ್ದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮನೆ ಬಸವಕಲ್ಯಾಣದಲ್ಲಿ. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಹುಮನಾಬಾದಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ದಿನಾಲೂ ಬಸ್ಸಿನಲ್ಲಿ ಹೋಗಿಬರುವುದು. ಬಸ್ಸಿನಲ್ಲಿ ಪಕ್ಕ ಕೂತವರು ಬಂಗ್ಲಾ ಕ್ರಾಸ್ ಬರುವುದರೊಳಗೆ ಯಾವ ಓಣಿ, ಯಾರ ಮಗಳು, ಇನ್ನೂ ಯಾಕೆ ಮದುವೆಯಿಲ್ಲ ಎಂಬಲ್ಲಿಗೆ ಬಂದು ಮುಟ್ಟುತ್ತಾರೆ. ನಾನು ಕಾರು ಕಲಿಯಲು ಹೊರಟದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿರಲಿಲ್ಲ. ಕಲಿಸುವವರೂ ಅದನ್ನೇ ಕೇಳುತ್ತಾರೆ ಎಂದು ಸಿದ್ಧಳಾಗಿ ಹೋಗಿದ್ದೆ. ಆಪಾ ಏನನ್ನೂ ಕೇಳಲಿಲ್ಲ. ಒಂದು ವಾರ ನೋಡಿ, ಒಂದೇ ಮಾತು ಹೇಳಿದರು.

“ಬೇಟಾ, ನೀ ಗೇರ್ ಬದಲಿಸೋದು ನೋಡಿದ್ರ, ಯಾರಿಗೂ ಗೊತ್ತಾಗಬಾರದು ಅಂತ ಬದಲಿಸಿದಂಗ ಅದ. ಗಾಡಿಗರೆ ಗೊತ್ತಾಗಲಿ.”

ಅವರು ಎತ್ತರದ, ಅಗಲ ಭುಜದ ಹೆಂಗಸು. ಬುರ್ಖಾದ ತೋಳುಗಳನ್ನು ಮೊಣಕೈವರೆಗೆ ಮಡಿಸಿ ಪಿನ್ನು ಹಾಕಿಕೊಳ್ಳುತ್ತಿದ್ದರು. ಧ್ವನಿ ದೊಡ್ಡದು, ಆದರೆ ಕಲಿಯುವವರು ತಪ್ಪಿದಾಗ ಮಾತ್ರ ಸಣ್ಣದಾಗುತ್ತಿತ್ತು. ಕಾರಿನ ಭಾಗಗಳ ಹೆಸರುಗಳನ್ನು ಹೇಳಿಕೊಟ್ಟದ್ದು ನನಗೆ ನೆನಪಿಲ್ಲ. ಅವರ ಪಾಠವೆಲ್ಲ ಮನೆಯೊಳಗಿನ ಮಾತು. ಕ್ಲಚ್ ಹೇಗೆ ಬಿಡಬೇಕು ಎಂದು ಕೇಳಿದರೆ, “ಕೂಸು ನಿನ್ನ ಕೈ ಮ್ಯಾಲ ತಲಿ ಇಟ್ಟು ಮಲಗೇದ ಅಂತ ತಿಳ್ಕೊ. ಅದು ಏಳಬಾರದು, ನಿನ್ನ ಕೈಯೂ ಹೊರಗ ಬರಬೇಕು,” ಎಂದರು. ನನಗೆ ಕೂಸು ಮಲಗಿಸಿ ಗೊತ್ತಿಲ್ಲ. ಆದರೂ ಅಂದಿನಿಂದ ಕಾರು ಜಿಗಿಯುವುದು ನಿಂತಿತು.

ಹೆದ್ದಾರಿಗೆ ಮೊದಲ ಸಲ ಇಳಿದಾಗ ಹಿಂದಿನಿಂದ ಲಾರಿಯೊಂದು ಒಂದೇ ಸಮನೆ ಹಾರ್ನ್ ಹಾಕುತ್ತಿತ್ತು.

“ಆಪಾ, ಲಾರಿ ಬಡಕೊಳ್ಳಾಕತ್ತದ.”

“ಬಡಕೊಳ್ಳಲಿ. ಅಂವಗ ಹೈದರಾಬಾದ್ ಮುಟ್ಟಬೇಕಾಗೇದ. ನಿನಗೇನು ಮುಟ್ಟಬೇಕಾಗೇದ? ಆ ಬೇವಿನ ಗಿಡಾ. ಗಿಡಾ ಮುಟ್ಟು, ಮುಂದಿಂದು ಆಮ್ಯಾಲ.”

ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಕೂತ ಗಂಡಸರು ಕಾರು ಕಂಡಾಗಲೆಲ್ಲ ಕೂಗುವುದಿತ್ತು. “ಆಪಾ, ನಮಗೂ ಸ್ವಲ್ಪ ಕಲಸ್ರಿ!”

“ನಿಮ್ಮ ಮನ್ಯಾಗ ಕೇಳ್ರಿ, ಅವರು ಕಲಸ್ತಾರ,” ಎಂದು ಆಪಾ ಕಿಟಕಿಯಿಂದ ಹೇಳುವರು. “ನನ್ನ ಹತ್ರನೇ ಕಲ್ತು ಹೋಗ್ಯಾರ. ನಿಮಗ ಹೇಳಿಲ್ಲೇನು?”

ಅವರಲ್ಲೊಬ್ಬ ಅಂದು ಸಂಜೆಯೇ ಹೆಂಡತಿಯನ್ನು ವಿಚಾರಿಸಿದನಂತೆ. ಆಕೆ ನಿಜವಾಗಿಯೂ ಕಲಿತಿದ್ದಳಂತೆ.

ಆಪಾಗೆ ಗಾಡಿ ಕಲಿಸಿದವರು ಅವರ ಯಜಮಾನರು. ಅವರು ಲಾರಿ ಓಡಿಸಿ ನಿವೃತ್ತರಾದವರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. “ಆಕಿ ನಿಮಗ ಅಕ್ಕ, ನಾ ನಿಮಗ ಕಾಕಾ. ಇದು ಯಾ ಲೆಕ್ಕ?” ಎಂದು ಅವರು ಪ್ರತಿ ಹೊಸಬಳಿಗೂ ಒಮ್ಮೆ ಕೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರು ಚಿಂಚೋಳಿ ಕಾಡಿನ ಕಡೆಯಿಂದ ಕಲ್ಲು ಹೇರಿಕೊಂಡು ಬರುತ್ತಿದ್ದರು. ಆಪಾ ಜೊತೆಗೆ ಕ್ಯಾಬಿನ್ನಿನಲ್ಲಿ ಹೋಗುವುದಿತ್ತು. “ಕುಂತು ಕುಂತು ಬ್ಯಾಸರಾತು. ನನಗೂ ಕೊಡ್ರಿ ಅಂದೆ. ಕೊಟ್ರು,” ಎಂದು ಆಪಾ ಆ ಕಥೆಯನ್ನು ಇಷ್ಟರಲ್ಲೇ ಮುಗಿಸುತ್ತಿದ್ದರು. “ಕೊಟ್ಟೆ ಖರೆ, ಆಮ್ಯಾಲ ವಾಪಸ್ ಕೊಡಲಿಲ್ಲ,” ಎಂದು ಚಾಚಾ ಸೇರಿಸುತ್ತಿದ್ದರು.

ಆಪಾಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಅದು ಕಾಲಿಗೆ ಇಳಿದದ್ದು ನಾನು ಸೇರುವ ಹೊತ್ತಿಗೆ. ಮೊದಲು ಅವರು ಕ್ಯಾನ್ವಾಸ್ ಬೂಟು ಹಾಕುತ್ತಿದ್ದರಂತೆ. “ಬೂಟಿನಾಗ ಪೆಡಲ್ ಗೊತ್ತಾಗವಲ್ದು,” ಎಂದು ತೆಳ್ಳನೆಯ ಚಪ್ಪಲಿಗೆ ಬಂದರು. ಆಮೇಲೆ ಕಾರಿನೊಳಗೆ ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ಕೂಡತೊಡಗಿದರು. ಅದು ಅವರ ರೂಢಿ ಎಂದೇ ನಾವು ತಿಳಿದಿದ್ದೆವು. ಒಂದು ಮಧ್ಯಾಹ್ನ ಅವರು ಮನೆಯಿಂದ ಕಾರಿನವರೆಗೆ ನಡೆದು ಬಂದರು, ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು. ಬೇಸಿಗೆಯಲ್ಲಿ ಕಾದ ಫರಸಿ ಕಲ್ಲಿನ ನೆಲ, ನಾನು ಚಪ್ಪಲಿ ಹಾಕಿಕೊಂಡೂ ನೆರಳು ಹುಡುಕುತ್ತಿದ್ದೆ.

“ಆಪಾ, ಒಂದು ಚಪ್ಪಲಿ ಎಲ್ಲಿ?” ಎಂದೆ.

ಅವರು ಕೆಳಗೆ ನೋಡಿಕೊಂಡರು. ತಿರುಗಿ ನೋಡಿದರೆ ಅದು ಹೊಸ್ತಿಲ ಹತ್ತಿರವೇ ಬಿದ್ದಿತ್ತು. “ಅದಕ್ಕ ಬರಾಕ ಮನಸಿಲ್ಲ,” ಎಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಚಾಚಾ ನಗಲಿಲ್ಲ.

ಕಾರು ಬಿಡು ಎಂದು ಚಾಚಾ ಹೇಳತೊಡಗಿದ್ದು ಆಗಿನಿಂದ. ಬಿಡುವುದೆಂದರೆ ಕ್ಲಾಸು ಬಿಡುವುದು. ಕಲಿಸುವ ಕಾರಿನಲ್ಲಿ ಎಡಗಡೆ ಕೂತ ಗುರುವಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರ ಧೈರ್ಯವೆಲ್ಲ ಆ ಎರಡನೆಯ ಬ್ರೇಕು. ಅದರ ಮೇಲಿರುವ ಕಾಲಿಗೇ ಮುಟ್ಟಿದ್ದು ತಿಳಿಯುವ ಬುದ್ಧಿಯಿಲ್ಲದಿದ್ದರೆ ಕೂರಬಾರದು ಎಂಬುದು ಚಾಚಾರ ವಾದ. ಆಪಾ ಒಪ್ಪುತ್ತಿರಲಿಲ್ಲ. ಮಕ್ಕಳಿಲ್ಲದ ಆ ಮನೆಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬಳಲ್ಲ ಒಬ್ಬಳು ಹುಡುಗಿ ಬಂದು “ಆಪಾ, ನಂದು ಪಾಳಿ” ಎನ್ನುತ್ತಿದ್ದಳು. ಅದು ನಿಲ್ಲುವುದನ್ನು ಅವರು ಊಹಿಸಲೂ ತಯಾರಿರಲಿಲ್ಲ.

ಒಂದು ಭಾನುವಾರ ಅವರ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಅವರಿಬ್ಬರ ಜಗಳ ದಖನಿಯಲ್ಲಿ ಶುರುವಾಗಿ, ನಾನಿದ್ದೇನೆಂದು ನೆನಪಾದಾಗ ಕನ್ನಡಕ್ಕೆ ಹೊರಳುತ್ತಿತ್ತು.

“ಊರಾಗ ಆಮಿ ನಡದಂಗ ನಡಸಾಕ ಯಾರಿಗರೆ ಬರ್ತದ,” ಎಂದರು ಚಾಚಾ. “ಘಾಟ್ ಇಳದು ತೋರ್ಸು. ಚಿಂಚೋಳಿ ಕಾಡಿನ ನಮ್ಮ ಹಳೇ ಘಾಟು. ಇಳದು, ಕೆರಿ ನೀರು ಮುಟ್ಟಿ, ಹತ್ತಿ ಬಾ. ಮತ್ತ ನಾ ಬಾಯಿ ತೆಗಿಯಂಗಿಲ್ಲ.”

“ಆಗಲಿಲ್ಲಂದ್ರ?”

“ಆಗಲಿಲ್ಲಂದ್ರ ಗೋಡಿಗಿ ಸುಣ್ಣ.”

“ನೀವೂ ಬರ್ರಿ, ಬಾಜೂ ಕುಂತು ನೋಡ್ರಿ.”

“ನಾ ಬಂದ್ರ ಮೊದಲನೇ ತಿರುವಿನ್ಯಾಗೇ ಸ್ಟೇರಿಂಗ್ ಕಸಗೋತೀನಿ. ಈ ಕೈ ಸುಮ್ಮ ಕುಂದ್ರಂಗಿಲ್ಲ.” ಚಾಚಾ ನನ್ನ ಕಡೆ ಗದ್ದ ಎತ್ತಿದರು. “ಈಕಿನ್ನ ಕರಕೊಂಡು ಹೋಗು. ಈಕಿ ಸುಳ್ಳೂ ಹೇಳಂಗಿಲ್ಲ, ಖರೇನೂ ಹೇಳಂಗಿಲ್ಲ.”

ಆಪಾ ಜೋರಾಗಿ ನಕ್ಕರು. “ನಾ ಹೇಳಿಸ್ತೀನಿ. ಏನಂತಿ ಬೇಟಾ, ಬರ್ತಿಯೇನು?”

ಬರುತ್ತೇನೆ ಎಂದೆ. ಅಷ್ಟು ಹೊತ್ತಿಗೆ ನನ್ನ ಲೈಸೆನ್ಸು ಬಂದಿತ್ತು.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಹೊರಟೆವು. ಆಪಾ ಬಲಗಡೆ, ಓಡಿಸುವ ಸೀಟಿನಲ್ಲಿ. ನಾನು ಎಡಗಡೆ, ಗುರುವಿನ ಸೀಟಿನಲ್ಲಿ.

“ಕಾಲು ಬ್ರೇಕಿನ ಮ್ಯಾಲಿರಲಿ,” ಎಂದರು. “ಒತ್ತಬ್ಯಾಡ. ನಾ ಹೇಳಿದ್ರ ಅಷ್ಟೇ.”

ಚಿಟಗುಪ್ಪದವರೆಗೆ ರಸ್ತೆಯ ಅರ್ಧಭಾಗವನ್ನು ರೈತರು ಸೋಯಾ ಒಣಗಿಸಲು ಹಿಡಿದಿದ್ದರು. ಆಪಾ ಪ್ರತಿ ರಾಶಿಗೂ ವೇಗ ತಗ್ಗಿಸಿ, ರಾಶಿಯ ಪಕ್ಕ ಕೂತವರಿಗೆ ಕೈ ಎತ್ತಿ, ಒಂದು ಕಾಳೂ ಚಕ್ರಕ್ಕೆ ಸಿಗದ ಹಾಗೆ ದಾಟಿಸಿದರು. ಅಲ್ಲಿಂದಾಚೆ ಊರುಗಳು ಕಡಿಮೆಯಾದವು. ನಮ್ಮ ಕಡೆಯ ಗುಡ್ಡಗಳು ದೂರದಿಂದ ಕಾಣುವುದಿಲ್ಲ. ಎಲ್ಲೆಲ್ಲೂ ತೊಗರಿ ಹೊಲದ ಸಮತಲವೇ ಇರುತ್ತದೆ, ಆಮೇಲೆ ಒಂದು ಕಡೆ ನೆಲವೇ ಮುಗಿದು ಕೆಳಗೆ ಇಳಿಯತೊಡಗುತ್ತದೆ. ಇಳಿದು ತಿರುಗಿ ನೋಡಿದಾಗಷ್ಟೇ ಇಷ್ಟು ಹೊತ್ತು ಗುಡ್ಡದ ನೆತ್ತಿಯ ಮೇಲೆ ಇದ್ದೆವೆಂದು ತಿಳಿಯುವುದು.

ಹಾಗೆಯೇ ನೆಲ ಮುಗಿಯಿತು. ಡಾಂಬರು ಹೋಗಿ ಕೆಂಪು ಮುರುಮಿನ ದಾರಿ ಬಂತು. ಎರಡೂ ಕಡೆ ತೇಗದ ಮರಗಳು, ಅಗಲ ಎಲೆಗಳ ಮೇಲೆ ಕೆನೆಯ ಬಣ್ಣದ ಹೂಗೊಂಚಲು. ಕೆಳಗೆ ಸೀತಾಫಲದ ಪೊದೆಗಳು. ಮಳೆ ಕೊರೆದ ಕೊರಕಲುಗಳನ್ನು ಆಪಾ ಎರಡು ಚಕ್ರಗಳ ನಡುವೆ ಇಟ್ಟುಕೊಂಡು ಇಳಿಸಿದರು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಕಾಡು ಬಿಟ್ಟುಕೊಟ್ಟು, ಆಳದಲ್ಲಿ ಕೆರೆಯ ನೀರು, ಅದರಾಚೆ ಒಂದರ ಹಿಂದೊಂದು ಹಸಿರು ಗುಡ್ಡ ಕಾಣಿಸಿತು. ನಾನು ‘ಅಬ್ಬಾ’ ಎಂದದ್ದು ಅವರಿಗೆ ಕೇಳಿಸಿರಬೇಕು.

“ನೀ ನೋಡು, ನೀ ನೋಡು,” ಎಂದರು. “ನನಗ ರಸ್ತಾ ನೋಡೂದದ.”

ಪ್ರತಿ ತಿರುವಿನಲ್ಲೂ ಬ್ರೇಕು ಸರಿಯಾಗಿ ಬಿತ್ತು. ನನ್ನ ಕಾಲು ಪೆಡಲಿನ ಮೇಲೆ ಸುಮ್ಮನಿತ್ತು. ಅರ್ಧ ಘಾಟು ಇಳಿಯುವ ಹೊತ್ತಿಗೆ ಆಪಾ ಸಣ್ಣಗೆ ಗುನುಗುತ್ತಿದ್ದರು. ಕ್ಲಾಸು ಉಳಿಯಿತು ಎಂದು ನನಗೂ ಅನಿಸಿತ್ತು. ಹಾಗನಿಸಿದ್ದರಿಂದ ಆದ ಸಂತೋಷ ಕಂಡು ನನಗೇ ಆಶ್ಚರ್ಯವಾಯಿತು.

ಮುಂದೆ ದಾರಿ ಎರಡಾಯಿತು. ಒಂದು ಹಾಗೇ ಮುಂದಕ್ಕೆ, ಇನ್ನೊಂದು ಬಲಕ್ಕೆ. ಆಪಾರ ಕಾಲದಲ್ಲಿ ಒಂದೇ ದಾರಿ ಇತ್ತಂತೆ. ಎಡಗಡೆ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲಿಗೆ ಗದ್ದ ಊರಿ ನಿಂತಿದ್ದರು. ನಾನು ಕಿಟಕಿ ಇಳಿಸಿದೆ.

“ಯಜ್ಜಾ, ಕೆರಿಗಿ ಯಾ ಕಡಿ ಹೋಗ್ಬೇಕ್ರಿ?”

“ಸೀದಾ ಹೋಗ್ರಿ. ಕೆರಿ ಎಲ್ಲಿ ಓಡಿ ಹೋಗ್ತದ?”

ಎಂಜಿನ್ ಸದ್ದಿನಲ್ಲಿ ಆಪಾಗೆ ಅದು ಕೇಳಿಸಲಿಲ್ಲ. “ಏನಂದ?” ಎಂದರು.

“ಸೀದಾ,” ಎಂದೆ.

ಆಪಾ ಬಲಕ್ಕೆ ತಿರುಗಿಸಿದರು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಕಾರಿನೊಳಗೆ ಕೂತ ಮೇಲೆ ಸೀದಾ ಎಂದರೆ ಉಣ್ಣೋ ಕೈಯೇ. ಹಿಂದಿನಿಂದ ಮುದುಕರು ಕೋಲೆತ್ತಿ ಏನೋ ಕೂಗಿದರು. “ಒಳ್ಳೆ ಮನಷಾ,” ಎಂದು ಆಪಾ ಹಾರ್ನ್ ಹಾಕಿ ಅವರಿಗೆ ಸಲಾಮ್ ಹೇಳಿದರು.

ಆ ದಾರಿ ಬರಬರುತ್ತ ಇಕ್ಕಟ್ಟಾಯಿತು. ನಡುವೆ ಹುಲ್ಲು, ಎರಡೂ ಕಿಟಕಿಗಳನ್ನು ಗೀರುವ ಮುಳ್ಳುಕಂಟಿ. ಆಮೇಲೆ ನೆಟ್ಟನೆಯ ಇಳಿಜಾರು. ಸಡಿಲ ಕಲ್ಲುಗಳ ಮೇಲೆ ಚಕ್ರ ತುಸು ಜಾರುತ್ತಿತ್ತು. ಇಳಿಜಾರಿನ ಕೊನೆಯಲ್ಲಿ ಹಳ್ಳಕ್ಕೆ ಕಟ್ಟಿದ್ದ ಸಣ್ಣ ಸೇತುವೆ ಮಳೆಗೆ ಕೊಚ್ಚಿ ಹೋಗಿ, ಒಡೆದ ಕಲ್ಲಿನ ಅಂಚು ಮಾತ್ರ ಉಳಿದಿತ್ತು. ಅದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು.

“ನಿಲ್ಲಸ್ತೀನಿ, ಹೆದರಬ್ಯಾಡ,” ಎಂದರು ಆಪಾ. ಧ್ವನಿ ಸಣ್ಣದಾಗಿತ್ತು. ಅವರ ಬಲಗಾಲಿನ ಸ್ನಾಯು ಬಿಗಿದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಆದರೆ ಕಾರಿನ ವೇಗ ಇಳಿಯಲಿಲ್ಲ. ನಾನು ಬಗ್ಗಿ ನೋಡಿದೆ. ಅವರ ಪಾದ ಬ್ರೇಕಿನ ಪಕ್ಕದಲ್ಲಿ, ಬರಿಯ ನೆಲದ ಮೇಲಿತ್ತು. ಅವರು ಪೂರ್ತಿ ಬಲ ಹಾಕಿ ನೆಲವನ್ನು ಒತ್ತುತ್ತಿದ್ದರು.

ನಾನು ಬ್ರೇಕ್ ಒತ್ತಿದೆ.

ಕಾರು ಕಲ್ಲುಗಳನ್ನು ತಳ್ಳಿಕೊಂಡು ಸ್ವಲ್ಪ ಜಾರಿ, ಅಂಚಿಗೆ ಒಂದಿಷ್ಟು ಈಚೆ ನಿಂತಿತು. ಕೆಲವು ಕಲ್ಲುಗಳು ಮಾತ್ರ ಮುಂದೆ ಹೋಗಿ ಹಳ್ಳಕ್ಕೆ ಬಿದ್ದ ಸದ್ದು ಕೇಳಿಸಿತು. ಆಪಾ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಕ್ಕೊರಗಿ, ದೊಡ್ಡದಾಗಿ ಉಸಿರು ಬಿಟ್ಟರು.

“ನೋಡ್ದಿ ಬೇಟಾ? ಹ್ಯಾಂಗ ನಿಂತಿತು!” ಅವರ ಮುಖದ ತುಂಬ ಬೆಳಕಿತ್ತು. “ಇಂಥಾ ಇಳಿಜಾರಿನ್ಯಾಗ! ಅವರಿಗಿ ಹೇಳು, ಇದ್ದದ್ದು ಇದ್ದಂಗ ಹೇಳು. ಕಾಲಿಗಿ ಬುದ್ಧಿಯಿಲ್ಲ ಅಂತಾರ.”

ನನ್ನ ಪಾದ ಇನ್ನೂ ಆ ಎರಡನೆಯ ಬ್ರೇಕಿನ ಮೇಲೇ ಇತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರುವುದು ನನಗೆ ಬರುವ ವಿದ್ಯೆ, ಚಾಚಾ ನನ್ನನ್ನು ಕಳಿಸಿದ್ದೂ ಅದನ್ನು ನಂಬಿಯೇ ಏನೋ. ಆಪಾ ನನ್ನ ಕಡೆ ತಿರುಗಿ, ಹೌದೆನ್ನುವುದನ್ನು ಕಾಯುತ್ತಿದ್ದರು. ಮೋರಖಂಡಿಯ ಟೀಚರು ಸ್ಟೇರಿಂಗ್ ಬಿಟ್ಟು ಕೈ ಎತ್ತಿದ್ದು ನನ್ನ ಕಣ್ಣ ಮುಂದೆ ಬಂತು. ಆಕೆಗೆ ಅಷ್ಟು ಧೈರ್ಯ ಬಂದದ್ದು ಪಕ್ಕದಲ್ಲಿ ಆಪಾ ಇದ್ದಾರೆಂದು.

“ಆಪಾ,” ಎಂದೆ. “ನಿಮ್ಮ ಕಾಲು ನೋಡ್ಕೊಳ್ರಿ.”

ಅವರು ನೋಡಿಕೊಂಡರು. ಪಾದ ಇನ್ನೂ ನೆಲವನ್ನು ಒತ್ತುತ್ತಲೇ ಇತ್ತು, ಬೆರಳುಗಳು ಬೆಳ್ಳಗಾಗಿದ್ದವು. ಅವರು ಅದನ್ನು ಸ್ವಲ್ಪ ಹೊತ್ತು, ನೆರೆಮನೆಯ ಸಾಮಾನು ತಮ್ಮ ಮನೆಯಲ್ಲಿ ಸಿಕ್ಕ ಹಾಗೆ, ನೋಡಿದರು. ಆಮೇಲೆ ನನ್ನ ಕಾಲನ್ನು ನೋಡಿದರು.

“ನೀ ಹಾಕ್ದಿಯೇನು?”

“ಹೌದ್ರಿ.”

ಎಂಜಿನ್ ಆರಿಸಿದರು. ಕೆಳಗೆ ಹಳ್ಳದ ನೀರು ಹರಿಯುವುದು ಕೇಳುತ್ತಿತ್ತು.

“ನನಗ ಒತ್ತಿದಂಗೇ ಅನಸ್ತು,” ಎಂದರು ಕೊನೆಗೆ. “ಪೂರಾ ಒತ್ತಿದೆ. ಎಷ್ಟು ದಿನದಿಂದ ಹಿಂಗ ನೆಲಾ ಒತ್ತಾಕತ್ತೀನೋ ಏನೋ. ಊರಾಗ ಹುಡುಗ್ಯಾರು ನನ್ನ ನಂಬಿ ಕುಂದ್ರತಿದ್ರು. ಗಾಡಿ ನಿಂದ್ರತಿತ್ತು. ನಾ ನಿಂದರಸೀನಿ ಅಂತ ನಾನೂ ತಿಳಕೊಂಡೆ, ಅವರೂ ತಿಳಕೊಂಡ್ರು. ಹಂಗಂದ್ರ ಅವರೇ ನಿಂದರಸ್ಯಾರ.”

“ಹಂಗೇ ಇರಬೇಕ್ರಿ.”

“ಹಂಗಾದ್ರ ಛಲೋನೇ ಕಲಿಸೀನಿ,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಡಬ್ಬಿ ತೆರೆದು ಒಂದು ಹಿಡಿ ಪುಟಾಣಿ ತೆಗೆದರು, ಅರ್ಧ ನನಗೆ ಕೊಟ್ಟು ಅರ್ಧ ತಾವು ಬಾಯಿಗೆ ಹಾಕಿಕೊಂಡರು. ಇಬ್ಬರೂ ಅಗಿದು ನುಂಗಿದೆವು.

“ಇಳಿ,” ಎಂದರು. “ಈ ಕಡಿ ಬಾ. ನೀ ನಡಿಸು.”

ಅಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಆ ಏರನ್ನು ಹಿಂದಕ್ಕೇ ಹತ್ತಬೇಕಿತ್ತು. ಆಪಾ ಒಳಗೆ ಕೂರಲಿಲ್ಲ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕಾರಿನ ಹಿಂದೆ ಏರಿನ ಮೇಲೆ ನಿಂತು, ಎರಡೂ ಕೈ ಎತ್ತಿ ದಾರಿ ತೋರಿಸತೊಡಗಿದರು. ಕನ್ನಡಿಯಲ್ಲಿ ಅವರ ಕೈಗಳಷ್ಟೇ ಕಾಣುತ್ತಿದ್ದವು. “ಉಲ್ಟಾ! ಉಲ್ಟಾ! ತೊಳಿಯೋ ಕೈ! ಸಾಕು! ಈಗ ಉಣ್ಣೋ ಕೈ, ಜರಾಸೆ!” ಎಂಬ ಕೂಗು ಗುಡ್ಡಕ್ಕೆ ತಾಗಿ ಎರಡೆರಡು ಸಲ ಕೇಳಿಸುತ್ತಿತ್ತು. ನಡುವೆ ಒಮ್ಮೆ ಎಂಜಿನ್ ಬಂದ್ ಬಿತ್ತು. “ಕೂಸು ಎದ್ದಿತು!” ಎಂದು ಕೂಗಿದರು. “ಎದ್ದರ ಏಳಲಿ, ಮತ್ತ ಮಲಗಸು!” ಅಷ್ಟು ಚೆನ್ನಾಗಿ ಅವರು ಊರಿನಲ್ಲೂ ಕಲಿಸಿದ್ದನ್ನು ನಾನು ಕಂಡಿರಲಿಲ್ಲ.

ಕವಲಿಗೆ ಬಂದಾಗ ಆಡಿನ ಮುದುಕರು ಅಲ್ಲೇ ಇದ್ದರು.

“ಸೀದಾ ಹೋಗ್ರಿ ಅಂದ್ರ ಅಲ್ಲ್ಯಾಕ ಹೋದ್ರಿ?” ಎಂದರು. “ಕೂಗಿದೆ, ಕೇಳಲಿಲ್ಲೇನು? ಹಾರ್ನ್ ಹೊಡದು ಹೋದ್ರಿ.”

ನಾನೂ ಆಪಾನೂ ಮುಖ ಮುಖ ನೋಡಿಕೊಂಡೆವು. ಆಪಾ ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮುದುಕರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಕೆರೆಗೆ ಹೋಗೋಣವೇ ಎಂದು ಕೇಳಿದೆ. ಬೇಡ ಎಂದರು. ಘಾಟು ಹತ್ತುವಾಗ ಆಪಾ ಎಡಗಡೆಯ ಸೀಟಿನಲ್ಲಿ ಎರಡೂ ಕಾಲನ್ನು ಮೇಲೆ ಮಡಿಚಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಆ ಸೀಟಿನಲ್ಲಿ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಕಿಟಕಿಗೆ ಮುಖ ಮಾಡಿ ತೇಗದ ಹೂ, ಕೆರೆ, ಗುಡ್ಡ ಎಲ್ಲವನ್ನೂ ನೋಡುತ್ತ ಬಂದರು. ರಸ್ತೆಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಹುಮನಾಬಾದಿಗೆ ಬಂದಾಗ ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ಓಣಿಯ ತಿರುವಿನಲ್ಲಿ ಯಾರು ಓಡಿಸುತ್ತಿದ್ದಾರೆಂದು ಅವರಿಗೆ ಕಂಡಿತ್ತು. ಎದ್ದು ನಿಂತರು. ಆಪಾ ಇಳಿದು ಕಟ್ಟೆಯ ಮೇಲೆ ಕೂತು ತಾವಾಗಿಯೇ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. “ಬ್ರೇಕ್ ಅಂತ ನೆಲಾ ಒತ್ತಿದೆ. ಈಕಿ ನಿಂದರಸಿದ್ಲು. ಕೇಳ್ರಿ ಬೇಕಾದ್ರ.”

ಚಾಚಾ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಚಾಚಾರದು ಗೆದ್ದವರ ಮುಖವಾಗಿರಲಿಲ್ಲ.

“ಯಾ ರಸ್ತಾ ಅಂದಿ?” ಎಂದು ಆಪಾರನ್ನು ಕೇಳಿದರು.

“ಕವಲಿನ್ಯಾಗ ಬಲಕ್ಕಿಂದು.”

“ಅದು ನಮ್ಮ ಘಾಟೇ ಅಲ್ಲ. ತಪ್ಪು ರಸ್ತಾ ಶರತ್ತಿನಾಗ ಬರಂಗಿಲ್ಲ,” ಎಂದರು ಚಾಚಾ. “ನಮ್ಮ ಘಾಟಿನ್ಯಾಗ ಎಲ್ಲಾ ಬರೋಬರಿ ಇಳಿಸೀದಿ ಅಲ್ಲ? ಆತು ಮತ್ತ. ಮುಂದಿನ ಐತಾರ ಇನ್ನೊಮ್ಮೆ ಹೋಗು. ನಾ ಬರ್ತೀನಿ. ಸ್ಟೇರಿಂಗಿಗಿ ಕೈ ಹಚ್ಚಂಗಿಲ್ಲ, ಕಸಮ್.”

“ರಸ್ತಾ ತಪ್ಪಿದ್ದು ಖರೆ,” ಎಂದರು ಆಪಾ. “ಕಾಲಂತೂ ನಂದೇ ಇತ್ತಲ್ರೀ.”

ಚಾಚಾರ ಕಣ್ಣು ಕಟ್ಟೆಯ ಕೆಳಗಿನ ಫರಸಿಯ ಮೇಲೆ ನಿಂತಿತ್ತು. ಕಾರಿನಿಂದ ಕಟ್ಟೆಯವರೆಗೆ ಆಪಾ ಬರಿಗಾಲಲ್ಲಿ ನಡೆದ ಕಡೆಯೆಲ್ಲ ರಕ್ತದ ಕೆಂಪು ಗುರುತುಗಳಿದ್ದವು. ಅವರು ಮೆಲ್ಲನೆ ಕೆಳಗೆ ಕೂತು ಆಪಾರ ಬಲಪಾದವನ್ನು ಎತ್ತಿ ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡರು. ಅಂಗಾಲಿನಲ್ಲಿ ಉದ್ದನೆಯ ಮುಳ್ಳೊಂದು ಬುಡದವರೆಗೆ ಹೊಕ್ಕಿತ್ತು.

ಆಪಾ ನನ್ನ ಜೊತೆ ಮಾತಾಡುತ್ತಿದ್ದರು. ನಾಳೆ ಬೆಳಿಗ್ಗೆ ಬರುವ ಇಬ್ಬರಿಗೆ ಹೇಗೆ ಹೇಳುವುದು ಎಂದು ಕೇಳಿದರು. ಮೋರಖಂಡಿಯ ಟೀಚರಿಗೆ ಇನ್ನೂ ಪರೀಕ್ಷೆ ಆಗಿಲ್ಲ, ಆಕೆ ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಹೆದರುತ್ತಾಳೆ, ಅದೊಂದನ್ನು ನೀನು ನಿನ್ನ ಕಾಲೇಜು ಬಿಟ್ಟ ಮೇಲೆ ಹೇಳಿಕೊಡಬೇಕು ಎಂದರು. ಚಾಚಾ ಉಗುರಿನಿಂದ ಹಿಡಿದು ಎಳೆದರು. ಮುಳ್ಳು ಪೂರ್ತಿ ಹೊರಗೆ ಬಂದಾಗಲೂ ಆಪಾರ ಮಾತು ನಿಲ್ಲಲಿಲ್ಲ.